ಅಡಿಕೆ ಚೀಟಿ, ಮಳೆಯ ಲೆಕ್ಕ ಮತ್ತು ಜೇಸನ್: ವೆಬ್ ಸೇವೆಗೆ ಡೇಟಾ ಬೈಂಡಿಂಗ್ ಲೈಬ್ರರಿಯನ್ನು ಆರಿಸುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಒಂದು ಲಾಟಿನ ತೂಕವಾದ ಮೇಲೆ ಬರೆಯುವ ಚೀಟಿಯಲ್ಲಿ ಇರುವ ವಿವರ ಹೆಚ್ಚೇನಲ್ಲ: ಬೆಳೆಗಾರರ ಹೆಸರು, ಊರು, ತಾಲ್ಲೂಕು, ಅಡಿಕೆಯ ಬಗೆ, ಚೀಲಗಳ ಎಣಿಕೆ, ತೂಕ, ದಿನಾಂಕ, ಕ್ವಿಂಟಲಿಗೆ ನಿಂತ ದರ. ಇಂತಹ ಚೀಟಿ ಈಗ ಕಾಗದದಿಂದ ಮೊಬೈಲಿಗೆ, ಮೊಬೈಲಿನಿಂದ ಸರ್ವರಿಗೆ, ಸರ್ವರಿನಿಂದ ಲೆಕ್ಕಪತ್ರದ ತಂತ್ರಾಂಶಕ್ಕೆ ದಾಟುತ್ತಾ ಹೋಗುತ್ತದೆ. ದಾಟುವ ಪ್ರತಿ ಕಡೆಯಲ್ಲೂ ಒಂದು ಪ್ರೋಗ್ರಾಂ ತನ್ನೊಳಗಿನ ಆಬ್ಜೆಕ್ಟನ್ನು ಜೇಸನ್ (JSON, ಹೆಸರು ಮತ್ತು ಮೌಲ್ಯಗಳನ್ನು ಜೋಡಿಜೋಡಿಯಾಗಿ ಬರೆಯುವ ರೂಪ) ಪಠ್ಯವಾಗಿ ಬರೆಯುತ್ತದೆ, ಇನ್ನೊಂದು ಆ ಪಠ್ಯವನ್ನು ಓದಿ ತನ್ನ ಆಬ್ಜೆಕ್ಟನ್ನು ಕಟ್ಟಿಕೊಳ್ಳುತ್ತದೆ. ಹಾಗೆ ಬರೆಯುವ ಕೆಲಸವನ್ನು ಸೀರಿಯಲೈಸೇಶನ್ ಎನ್ನುತ್ತೇವೆ. ಜೇಸನ್‌ನಲ್ಲಿರುವ ಹೆಸರುಗಳಿಗೂ ನಮ್ಮ ಕ್ಲಾಸಿನ (ಆಬ್ಜೆಕ್ಟಿನ ನಮೂನೆಯ) ಫೀಲ್ಡುಗಳಿಗೂ ಗಂಟು ಹಾಕುವ ಕೆಲಸಕ್ಕೆ ಡೇಟಾ ಬೈಂಡಿಂಗ್ ಎಂದು ಹೆಸರು.

ಈ ಎರಡೂ ಕೆಲಸಗಳನ್ನು ಮಾಡಿಕೊಡುವ ಲೈಬ್ರರಿಗಳು, ಅಂದರೆ ಸಿದ್ಧ ಕೋಡಿನ ಕಟ್ಟುಗಳು, ಹಲವಾರಿವೆ. ಅವುಗಳಲ್ಲಿ ಯಾವುದು ವೇಗವಾಗಿದೆ ಎಂಬ ಹೋಲಿಕೆ ಎಲ್ಲೆಡೆ ಸಿಗುತ್ತದೆ. ಸಹಕಾರ ಸಂಘಗಳಿಗೆ ಮತ್ತು ಮಳೆ ಅಳೆಯುವವರಿಗೆ ಸಣ್ಣ ಸೇವೆಗಳನ್ನು ಬರೆದುಕೊಡುವ ನನ್ನ ಕೆಲಸದಲ್ಲಿ ವೇಗದ ಅಂಕಿಗಳು ಆಯ್ಕೆಗೆ ಆಧಾರವಾದದ್ದು ಅಪರೂಪ. ಚೀಟಿಯೊಂದನ್ನು ಓದಲು ಲೈಬ್ರರಿ ತೆಗೆದುಕೊಳ್ಳುವ ಹೊತ್ತು, ಹೊಸನಗರದ ಕಡೆಯ ಹಳ್ಳಿಯಿಂದ ಮಳೆಗಾಲದ ನೆಟ್‌ವರ್ಕಿನಲ್ಲಿ ಆ ಚೀಟಿ ಸರ್ವರನ್ನು ಮುಟ್ಟಲು ಬೇಕಾಗುವ ಹೊತ್ತಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ನಾವು ಏನನ್ನೂ ಹೇಳದೆ ಬಿಟ್ಟಾಗ ಈ ಲೈಬ್ರರಿ ತಾನಾಗಿಯೇ ಏನು ಮಾಡುತ್ತದೆ? ಸಂಖ್ಯೆ, ದಿನಾಂಕ, ಇಲ್ಲದ ಮೌಲ್ಯ, ಗೊತ್ತಿಲ್ಲದ ಫೀಲ್ಡು, ಕನ್ನಡ ಅಕ್ಷರ ಎಂಬ ಐದು ವಿಷಯಗಳಲ್ಲಿ ಪ್ರತಿಯೊಂದು ಲೈಬ್ರರಿಯೂ ನಮ್ಮನ್ನು ಕೇಳದೆಯೇ ಒಂದೊಂದು ತೀರ್ಮಾನ ಮಾಡಿರುತ್ತದೆ, ಮತ್ತು ಆ ತೀರ್ಮಾನಗಳು ಒಂದರಂತೆ ಇನ್ನೊಂದು ಇಲ್ಲ.

ಇದಕ್ಕೆ ಕಾರಣ ಜೇಸನ್‌ನ ನಿಯಮಾವಳಿಯಲ್ಲೇ ಇದೆ. 2017ರ ಡಿಸೆಂಬರಿನಲ್ಲಿ ಹೊರಬಂದ ಆರ್‌ಎಫ್‌ಸಿ 8259 ಎಂಬ ಮಾನದಂಡ ಪತ್ರ, ತೆರೆದ ಜಾಲದಲ್ಲಿ ವ್ಯವಸ್ಥೆಗಳ ನಡುವೆ ವಿನಿಮಯವಾಗುವ ಜೇಸನ್, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲೇ ಇರಬೇಕೆಂದು ಕಟ್ಟುನಿಟ್ಟಾಗಿ ಹೇಳುತ್ತದೆ. ಆದರೆ ಸಂಖ್ಯೆ ಎಷ್ಟು ದೊಡ್ಡದಿರಬಹುದು, ಎಷ್ಟು ದಶಮಾಂಶ ಸ್ಥಾನ ಉಳಿಯಬೇಕು ಎಂಬುದನ್ನು ಓದುವ ಪ್ರೋಗ್ರಾಮಿಗೇ ಬಿಟ್ಟುಬಿಡುತ್ತದೆ. ದಿನಾಂಕವೆಂಬ ಬಗೆಯೇ ಜೇಸನ್‌ನಲ್ಲಿ ಇಲ್ಲ. ಬರೆಯುವವರು ಒಂದು ಅರ್ಥದಲ್ಲಿ ಬರೆದು ಓದುವವರು ಇನ್ನೊಂದು ಅರ್ಥದಲ್ಲಿ ಓದಿದರೆ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎರಡೂ ಕಡೆಯವರು ನಿಯಮವನ್ನು ಪಾಲಿಸುತ್ತಲೇ ಲೆಕ್ಕ ತಪ್ಪಿಸಬಹುದು.

ಸಂಖ್ಯೆ

ಮೊದಲು ಚೀಟಿಯ ಗುರುತು ಸಂಖ್ಯೆಯನ್ನು ನೋಡೋಣ. ದಿನಾಂಕ ಮತ್ತು ಸಮಯವನ್ನು ಮಿಲಿಸೆಕೆಂಡಿನವರೆಗೆ ಜೋಡಿಸಿ 20240615103045125 ಎಂಬಂತಹ 17 ಅಂಕಿಗಳ ಸಂಖ್ಯೆಯನ್ನು ಮಾಡುವುದು ಸಾಮಾನ್ಯ ರೂಢಿ. ಜಾವಾ ಭಾಷೆಯ ಲಾಂಗ್ ಎಂಬ ಪೂರ್ಣಾಂಕದ ಬಗೆ ಇದನ್ನು ಸುಲಭವಾಗಿ ಹಿಡಿಯುತ್ತದೆ. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಹಿಡಿಯುವುದಿಲ್ಲ, ಅಲ್ಲಿ ಸಂಖ್ಯೆಗಳೆಲ್ಲ ಡಬಲ್ (ದಶಮಾಂಶಗಳನ್ನೂ ಹಿಡಿಯುವ, ಆದರೆ ನಿಖರತೆಗೆ ಮಿತಿಯಿರುವ ಬಗೆ), ಮತ್ತು 9007199254740991ನ್ನು ದಾಟಿದ ಪೂರ್ಣಾಂಕಗಳು ನಿಖರವಾಗಿ ಉಳಿಯುತ್ತವೆ ಎಂಬ ಭರವಸೆ ಇಲ್ಲ. ಮೇಲಿನ ಸಂಖ್ಯೆಯ ಆಸುಪಾಸಿನಲ್ಲಿ ಡಬಲ್‌ಗಳು ನಾಲ್ಕು ನಾಲ್ಕರ ಅಂತರದಲ್ಲಿ ಮಾತ್ರ ಸಿಗುವುದರಿಂದ, ಬ್ರೌಸರಿನ ಪಾರ್ಸರ್ ಅದನ್ನು 20240615103045124 ಎಂದು ಓದಿಕೊಳ್ಳುತ್ತದೆ. ಎಲ್ಲೂ ದೋಷದ ಸಂದೇಶ ಬರುವುದಿಲ್ಲ. ಬೆಳೆಗಾರರ ಕೈಯಲ್ಲಿರುವ ಚೀಟಿಗೂ ಪರದೆಯ ಮೇಲಿನ ಚೀಟಿಗೂ ಕೊನೆಯ ಅಂಕಿಯಲ್ಲಿ ವ್ಯತ್ಯಾಸ ಬಂದಿರುತ್ತದೆ, ಮತ್ತು ಆ ಸಂಖ್ಯೆಯ ಬೇರೊಂದು ಚೀಟಿ ಇರುವುದೂ ಸಾಧ್ಯ.

ಜಾವಾದ ಒಳಗೂ ಇದೇ ತೊಂದರೆ ಎದುರಾಗಬಹುದು. ಗೂಗಲ್‌ನಿಂದ ಬಂದ ಜಿಸನ್ ಲೈಬ್ರರಿಗೆ ನಿಗದಿತ ಕ್ಲಾಸನ್ನು ಕೊಡದೆ ಮ್ಯಾಪ್‌ಗೆ ಓದಲು ಹೇಳಿದರೆ, ಅದು ಪ್ರತಿ ಸಂಖ್ಯೆಯನ್ನೂ ಡಬಲ್ ಮಾಡಿಬಿಡುತ್ತದೆ. ಚೀಲಗಳ ಎಣಿಕೆ 12 ಎಂದಿದ್ದದ್ದು 12.0 ಆಗುತ್ತದೆ. ಇದನ್ನು ಬದಲಿಸುವ ಸೌಲಭ್ಯ ಈಚಿನ ಆವೃತ್ತಿಗಳಲ್ಲಿ ಇದೆ, ಆದರೆ ಕೇಳಿ ಪಡೆಯಬೇಕು. ಜಾವಾದ ಇನ್ನೊಂದು ಲೈಬ್ರರಿಯಾದ ಜಾಕ್ಸನ್ ಅದೇ ಸಂದರ್ಭದಲ್ಲಿ ಪೂರ್ಣಾಂಕವನ್ನು ಅದರ ಗಾತ್ರಕ್ಕೆ ತಕ್ಕಂತೆ ಇಂಟಿಜರ್, ಲಾಂಗ್ ಅಥವಾ ಬಿಗ್‌ಇಂಟಿಜರ್ ಮಾಡಿಕೊಳ್ಳುತ್ತದೆ. ದಶಮಾಂಶಗಳನ್ನು ಮಾತ್ರ, ನಾವು ಬಿಗ್‌ಡೆಸಿಮಲ್ ಎಂಬ ನಿಖರ ಬಗೆ ಬೇಕೆಂದು ಹೇಳದಿದ್ದರೆ, ಡಬಲ್ ಮಾಡುತ್ತದೆ. ಗೋ ಭಾಷೆಯ ಸ್ವಂತ ಜೇಸನ್ ಪ್ಯಾಕೇಜು ಈ ವಿಷಯದಲ್ಲಿ ಜಿಸನ್‌ನ ದಾರಿಯಲ್ಲೇ ಇದೆ.

ಆದ್ದರಿಂದ ಲೈಬ್ರರಿ ಯಾವುದೇ ಇರಲಿ, ನಾನು ಪಾಲಿಸುವ ಪದ್ಧತಿ ಒಂದೇ: ಗುರುತು ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿ ಕಳುಹಿಸುವುದು, ತೂಕವನ್ನು ಗ್ರಾಂ ಲೆಕ್ಕದ ಪೂರ್ಣಾಂಕವಾಗಿ, ಹಣವನ್ನು ಪೈಸೆ ಲೆಕ್ಕದ ಪೂರ್ಣಾಂಕವಾಗಿ ಕಳುಹಿಸುವುದು. 47.350 ಕಿಲೋ ಎಂಬುದು 47350 ಎಂದು ಹೋದರೆ ಕೊನೆಯ ಸೊನ್ನೆ ಉಳಿಯಿತೇ ಉದುರಿತೇ ಎಂಬ ಚರ್ಚೆಗೆ ಎಡೆಯೇ ಇರುವುದಿಲ್ಲ. ಗೂಗಲ್‌ನ ಮಾಹಿತಿ ವಿನಿಮಯ ರೂಪವಾದ ಪ್ರೊಟೊಬಫ್‌ನ ಮೂರನೆಯ ಆವೃತ್ತಿಯ ಭಾಷೆ ತನ್ನ ಮಾಹಿತಿಯನ್ನು ಜೇಸನ್‌ಗೆ ಇಳಿಸುವಾಗ 64 ಬಿಟ್‌ನ ಪೂರ್ಣಾಂಕಗಳನ್ನು ಪಠ್ಯವಾಗಿಯೇ ಬರೆಯುತ್ತದೆ, ಕಾರಣವೂ ಇದೇ.

ದಿನಾಂಕ

ದಿನಾಂಕದ ವಿಷಯವನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಸಹಕಾರ ಸಂಘಕ್ಕೆ ಬರೆದುಕೊಟ್ಟ ಸೇವೆಯಲ್ಲಿ ಮಾರಾಟದ ದಿನವನ್ನು ಜಾವಾದ ಹಳೆಯ ಡೇಟ್ ಕ್ಲಾಸಿನಲ್ಲಿ ಇಟ್ಟಿದ್ದೆ. ಆ ಕ್ಲಾಸಿಗೆ ಬರೀ ದಿನ ಎಂಬುದು ಗೊತ್ತಿಲ್ಲ. ಅದು ಹಿಡಿಯುವುದು ಒಂದು ಕ್ಷಣವನ್ನು. ಹಾಗಾಗಿ ಏಪ್ರಿಲ್ 1 ಎಂದು ತುಂಬಿಸಿದಾಗ ಅದರೊಳಗೆ ಕುಳಿತದ್ದು ಭಾರತೀಯ ಕಾಲಮಾನದ ಏಪ್ರಿಲ್ 1ರ ನಡುರಾತ್ರಿ. ಜಾಕ್ಸನ್ ಅದನ್ನು ಬರೆಯುವಾಗ, ಕಾಲವಲಯದ ಬಗ್ಗೆ ನಾನು ಏನನ್ನೂ ಹೇಳಿರಲಿಲ್ಲವಾದ್ದರಿಂದ, ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕೆ ತಿರುಗಿಸಿತು. ನಮ್ಮ ನಡುರಾತ್ರಿ ಅಲ್ಲಿ ಹಿಂದಿನ ದಿನದ ಸಂಜೆ 18:30. ಓದುವ ಕಡೆಯ ಲೆಕ್ಕಪತ್ರದ ತಂತ್ರಾಂಶ ಆ ಪಠ್ಯದ ಮೊದಲ ಹತ್ತು ಅಕ್ಷರಗಳನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಏಪ್ರಿಲ್ 1ರ ಚೀಟಿಗಳೆಲ್ಲ ಮಾರ್ಚ್ 31ಕ್ಕೆ, ಅಂದರೆ ಮುಗಿದುಹೋದ ಆರ್ಥಿಕ ವರ್ಷಕ್ಕೆ ಹೋಗಿ ಬಿದ್ದವು. ವರ್ಷದ ಉಳಿದ ದಿನಗಳಲ್ಲೂ ಪ್ರತಿ ಚೀಟಿ ಒಂದು ದಿನ ಹಿಂದೆ ಸರಿದಿತ್ತು, ಆದರೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲೆಕ್ಕ ನೋಡಿಕೊಳ್ಳುವವರು ರಾತ್ರಿ ಎಂಟರವರೆಗೆ ಕುಳಿತು ಒಂದೊಂದಾಗಿ ಚೀಟಿಗಳನ್ನು ತಾಳೆ ಹಾಕಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಆ ತಪ್ಪು ನನ್ನದೇ ಆಗಿತ್ತು.

ಪರಿಹಾರ ಕಷ್ಟದ್ದಲ್ಲ. ಜಾವಾ 8ರಿಂದ ಬಂದಿರುವ ಲೋಕಲ್‌ಡೇಟ್ ಕ್ಲಾಸಿಗೆ ದಿನ ಮಾತ್ರ ಗೊತ್ತು, ಕ್ಷಣವಾಗಲಿ ಕಾಲವಲಯವಾಗಲಿ ಗೊತ್ತಿಲ್ಲ; ಮಾರಾಟದ ದಿನಕ್ಕೆ ಅದೇ ಸರಿ. ಆದರೆ ಲೈಬ್ರರಿಗಳು ಇದನ್ನು ನಡೆಸಿಕೊಳ್ಳುವ ಬಗೆ ಬೇರೆ ಬೇರೆ. ಜಾಕ್ಸನ್‌ನ ಎರಡನೆಯ ಪೀಳಿಗೆಯಲ್ಲಿ ಇದಕ್ಕೆ ಪ್ರತ್ಯೇಕ ಮಾಡ್ಯೂಲನ್ನು ಸೇರಿಸಬೇಕು. ಸೇರಿಸಿದ ಮೇಲೂ ಮೂಲ ಹೊಂದಿಕೆಯಲ್ಲಿ (ನಾವು ಏನನ್ನೂ ಬದಲಿಸದಿದ್ದಾಗ) ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಮೂರು ಸಂಖ್ಯೆಗಳ ಪಟ್ಟಿಯಾಗಿ ಬರೆಯುತ್ತದೆ. ಜಾವಾ ಸೇವೆಗಳ ಚೌಕಟ್ಟಾದ ಸ್ಪ್ರಿಂಗ್ ಬೂಟ್ ಒಳಗೆ ಬಳಸುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಸ್ಪ್ರಿಂಗ್ ಬೂಟ್ ಆ ಹೊಂದಿಕೆಯನ್ನು ಬದಲಿಸಿಯೇ ಕೊಡುತ್ತದೆ. ಅದೇ ಕ್ಲಾಸನ್ನು ಸ್ಪ್ರಿಂಗ್ ಹೊರಗಿನ ಸಣ್ಣ ಪ್ರೋಗ್ರಾಮಿನಲ್ಲಿ ಬಳಸಿದ ದಿನ ವ್ಯತ್ಯಾಸ ಹೊರಬೀಳುತ್ತದೆ. 2025ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ದಿನಾಂಕದ ಬೆಂಬಲ ಒಳಗೇ ಸೇರಿದೆ, ಪಠ್ಯರೂಪವೇ ಮೂಲ ಹೊಂದಿಕೆಯಾಗಿದೆ. ಜಾವಾದ ಬೈಂಡಿಂಗ್ ಮಾನದಂಡವಾದ ಜೇಸನ್-ಬಿಯಲ್ಲಿ ಲೋಕಲ್‌ಡೇಟ್ ಮೊದಲಿನಿಂದಲೂ ಐಎಸ್‌ಒ ಪಠ್ಯರೂಪದಲ್ಲೇ ಬರುತ್ತದೆ. ಜಿಸನ್ ಜಾವಾದ ಒಳಗಿನ ಕ್ಲಾಸುಗಳ ಖಾಸಗಿ ಫೀಲ್ಡುಗಳಿಗೇ ಕೈಹಾಕುವ ಸ್ವಭಾವದ್ದು. ಜಾವಾ 17ರಲ್ಲಿ ಆ ಬಾಗಿಲುಗಳು ಮುಚ್ಚಿದ ಮೇಲೆ, ದಿನಾಂಕಕ್ಕೆ ಅಡಾಪ್ಟರನ್ನು (ಅದನ್ನು ಓದುವ, ಬರೆಯುವ ತುಂಡು ಕೋಡನ್ನು) ನಾವೇ ಬರೆದುಕೊಡುವುದು ಅನಿವಾರ್ಯವಾಗಿದೆ.

ಸೊನ್ನೆಯೂ ಇಲ್ಲದಿರುವುದೂ ಒಂದಲ್ಲ

ಮಲೆನಾಡಿನಲ್ಲಿ ಕೆಲಸ ಮಾಡುವವರು ಈ ವಿಷಯವನ್ನು ಹಗುರವಾಗಿ ಬಿಡುವಂತಿಲ್ಲ. ಮಳೆಮಾಪಕವನ್ನು ಬೆಳಿಗ್ಗೆ 8:30ಕ್ಕೆ ನೋಡಿ, ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಮಿಲಿಮೀಟರಿನಲ್ಲಿ ಬರೆಯುವುದು ಪದ್ಧತಿ. ಆಗುಂಬೆಯ ಕಡೆ ಜುಲೈ ತಿಂಗಳಿನಲ್ಲಿ ಒಂದು ದಿನದ ಅಂಕಿ ಬಾರದೆ ಹೋಯಿತೆನ್ನಿ: ವಿದ್ಯುತ್ ಇರಲಿಲ್ಲ, ಅಥವಾ ಮರ ಬಿದ್ದು ದಾರಿ ಕಟ್ಟಿ ನೋಡುವವರು ಹೋಗಲಾಗಲಿಲ್ಲ. ಕಳುಹಿಸಿದ ಜೇಸನ್‌ನಲ್ಲಿ ಮಳೆಯ ಫೀಲ್ಡೇ ಇರುವುದಿಲ್ಲ. ಓದುವ ಕಡೆ ಕ್ಲಾಸಿನಲ್ಲಿ ಅದನ್ನು ಡಬಲ್ ಎಂಬ, ಖಾಲಿ ಇರಲಾಗದ ಪ್ರಿಮಿಟಿವ್ ಬಗೆಯಾಗಿ ಬರೆದಿದ್ದರೆ, ಜಾಕ್ಸನ್ ಮತ್ತು ಜಿಸನ್ ಎರಡೂ ತುಟಿಪಿಟಕ್ಕೆನ್ನದೆ 0 ಎಂದು ಬಿಟ್ಟುಬಿಡುತ್ತವೆ. ಗೋ ಭಾಷೆಯಲ್ಲೂ ಹಾಗೆಯೇ. ಅಳೆಯದೆ ಬಿಟ್ಟ ದಿನ ಮಳೆಯೇ ಬಾರದ ದಿನವಾಗಿ ದಾಖಲಾಗುತ್ತದೆ, ತಿಂಗಳ ಮೊತ್ತ ಇಳಿಯುತ್ತದೆ, ಮತ್ತು ಹತ್ತು ವರ್ಷಗಳ ನಂತರ ಆ ಮೊತ್ತವನ್ನು ನೋಡುವವರಿಗೆ ಸತ್ಯ ತಿಳಿಯುವ ದಾರಿ ಇರುವುದಿಲ್ಲ.

ಜಾವಾದಲ್ಲಿ ಇಂತಹ ಫೀಲ್ಡುಗಳನ್ನು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಹಿಡಿಯಬಲ್ಲ ಬಗೆಯಾಗಿ ಬರೆಯಬೇಕು, ಗೋ ಭಾಷೆಯಲ್ಲಿ ಪಾಯಿಂಟರ್ ಮಾಡಬೇಕು. ಕಡ್ಡಾಯವಾಗಿ ಇರಲೇಬೇಕಾದ ಫೀಲ್ಡುಗಳನ್ನು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟನ್ನು ಕಟ್ಟುವ ಕೋಡು) ಮೂಲಕ ತುಂಬಿಸಿ, ಇಲ್ಲದಿದ್ದರೆ ದೋಷವೆಂದು ಹೇಳುವಂತೆ ಜಾಕ್ಸನ್‌ಗೆ ಸೂಚಿಸಬಹುದು. ಜಿಸನ್‌ನಲ್ಲಿ ಇದಕ್ಕೆ ಸಿದ್ಧ ಉಪಾಯವಿಲ್ಲ. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಕ್ಲಾಸಿನಲ್ಲಿ ಇಲ್ಲದಿದ್ದರೆ ಜಿಸನ್ ಕನ್‌ಸ್ಟ್ರಕ್ಟರನ್ನೇ ಕರೆಯದೆ ಆಬ್ಜೆಕ್ಟನ್ನು ಹುಟ್ಟಿಸುತ್ತದೆ. ಕೋಟ್ಲಿನ್ ಭಾಷೆಯಲ್ಲಿ ಬರೆದವರಿಗೆ ಇದರ ಪೆಟ್ಟು ಜೋರು: ನಲ್ ಆಗಲಾರದು ಎಂದು ಭಾಷೆಯೇ ಖಾತ್ರಿ ಕೊಟ್ಟ ಫೀಲ್ಡಿನೊಳಗೆ ನಲ್ ಬಂದು ಕುಳಿತಿರುತ್ತದೆ, ಮತ್ತು ಪ್ರೋಗ್ರಾಂ ಕುಸಿಯುವುದು ಓದಿದ ಜಾಗದಲ್ಲಲ್ಲ, ಎಷ್ಟೋ ದೂರದ ಇನ್ನೊಂದು ಜಾಗದಲ್ಲಿ. ಆಂಡ್ರಾಯ್ಡ್ ಆ್ಯಪನ್ನು ಕೋಟ್ಲಿನ್‌ನಲ್ಲಿ ಹೊಸದಾಗಿ ಬರೆಯುವವರು ಸ್ಕ್ವೇರ್ ಕಂಪನಿಯ ಮೋಶಿಯನ್ನೋ, ಜೆಟ್‌ಬ್ರೇನ್ಸ್‌ನ ಕೋಟ್ಲಿನ್ಎಕ್ಸ್ ಸೀರಿಯಲೈಸೇಶನ್ ಅನ್ನೋ ಆರಿಸಿಕೊಳ್ಳಲಿ ಎಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕಾಗಿ. ಮೋಶಿಯನ್ನು ಅದರ ಕೋಟ್ಲಿನ್ ಬೆಂಬಲದೊಂದಿಗೆ ಬಳಸಿದರೆ ಇವೆರಡೂ ಕೋಟ್ಲಿನ್‌ನ ಖಾತ್ರಿಯನ್ನು ಗೌರವಿಸುತ್ತವೆ; ಇರಬೇಕಾದದ್ದು ಇಲ್ಲದಿದ್ದರೆ ಓದುವಾಗಲೇ ನಿಂತು ಹೇಳುತ್ತವೆ.

ಗೊತ್ತಿಲ್ಲದ ಫೀಲ್ಡು ಬಂದಾಗ ಏನು ಮಾಡಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಸರ್ವರ್ ಒಂದು ಹೊಸ ಫೀಲ್ಡನ್ನು ಸೇರಿಸಿದ ದಿನವೇ ಸೊರಬದ ಯಾವುದೋ ಹಳ್ಳಿಯಲ್ಲಿ ಅಪ್‌ಡೇಟ್ ಆಗದ ಆ್ಯಪು ಕೆಲಸ ನಿಲ್ಲಿಸಬಾರದು. ಆದ್ದರಿಂದ ಆ್ಯಪಿನ ಕಡೆ ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಬೇಕು. ಆದರೆ ಸರ್ವರಿಗೆ ಬರುವ ಚೀಟಿಯಲ್ಲಿ ತೂಕದ ಫೀಲ್ಡಿನ ಹೆಸರನ್ನು ಯಾರೋ ತಪ್ಪಾಗಿ ಬರೆದಿದ್ದರೆ, ಅದನ್ನು ಗೊತ್ತಿಲ್ಲದ ಫೀಲ್ಡೆಂದು ಬಿಟ್ಟುಬಿಡುವುದು ತೂಕವನ್ನೇ ಕಳೆದುಕೊಂಡಂತೆ. ಅಲ್ಲಿ ನಿಲ್ಲಿಸಿ ಹೇಳಬೇಕು. ಜಾಕ್ಸನ್‌ನ ಎರಡನೆಯ ಪೀಳಿಗೆ ಮೂಲತಃ ನಿಲ್ಲಿಸುತ್ತದೆ, ಅದೇ ಜಾಕ್ಸನ್ ಸ್ಪ್ರಿಂಗ್ ಬೂಟಿನೊಳಗೆ ಬಿಟ್ಟುಬಿಡುತ್ತದೆ, ಮೂರನೆಯ ಪೀಳಿಗೆಯಲ್ಲಿ ಬಿಟ್ಟುಬಿಡುವುದೇ ಮೂಲ ಹೊಂದಿಕೆ. ಕೋಟ್ಲಿನ್ಎಕ್ಸ್ ನಿಲ್ಲಿಸುತ್ತದೆ, ಮೋಶಿ, ಜಿಸನ್, ಗೋ ಮೂರೂ ಬಿಟ್ಟುಬಿಡುತ್ತವೆ. ಜಿಸನ್ ಒಂದನ್ನು ಬಿಟ್ಟರೆ ಮಿಕ್ಕವುಗಳಲ್ಲಿ ಈ ನಡತೆಯನ್ನು ಒಂದು ಹೊಂದಿಕೆಯಿಂದಲೇ ಬದಲಿಸಿಕೊಳ್ಳಬಹುದು.

ಕನ್ನಡ ಅಕ್ಷರಗಳು

ಇಂಗ್ಲಿಷಿನಲ್ಲಿ ಬರುವ ಹೋಲಿಕೆಗಳು ಈ ಭಾಗವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ತೀರ್ಥಹಳ್ಳಿ ಎಂಬ ಹೆಸರು ಯುನಿಕೋಡ್‌ನಲ್ಲಿ ಹತ್ತು ಸಂಕೇತಗಳು. ಪ್ರತಿ ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟುಗಳು ಬೇಕಾದ್ದರಿಂದ ಒಟ್ಟು 30 ಬೈಟುಗಳು. ಇದೇ ಹೆಸರನ್ನು ಜೇಸನ್ ಇನ್ನೊಂದು ರೀತಿಯಲ್ಲಿ ಬರೆಯಲೂ ಅನುಮತಿ ಕೊಡುತ್ತದೆ: ಪ್ರತಿ ಸಂಕೇತಕ್ಕೂ ಹಿಂಗೆರೆ (\), ಯು ಅಕ್ಷರ, ಅದರ ಮುಂದೆ ನಾಲ್ಕು ಹೆಕ್ಸಾ ಅಂಕಿಗಳು. ಹಾಗೆ ಬರೆದರೆ ಸಂಕೇತಕ್ಕೆ ಆರು ಬೈಟುಗಳಂತೆ 60 ಬೈಟುಗಳಾಗುತ್ತವೆ. ಓದಿದ ಮೇಲೆ ಎರಡೂ ಒಂದೇ, ಯಾವುದೂ ತಪ್ಪಲ್ಲ. ಆದರೆ ದುರ್ಬಲ ನೆಟ್‌ವರ್ಕಿನಲ್ಲಿ ಕನ್ನಡ ಪಠ್ಯದ ಗಾತ್ರ ಇಮ್ಮಡಿಯಾಗುತ್ತದೆ, ಮತ್ತು ತೊಂದರೆ ಬಂದಾಗ ಸರ್ವರಿನ ಲಾಗ್ ಕಡತವನ್ನು ತೆರೆದರೆ ಬೆಳೆಗಾರರ ಹೆಸರಿನ ಬದಲು ಹಿಂಗೆರೆಗಳ ಸಾಲು ಕಾಣುತ್ತದೆ. ಜಿಜಿಪ್ ಸಂಕೋಚನವನ್ನು ಹಾಕಿದರೆ ಗಾತ್ರದ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಲಾಗಿನ ತೊಂದರೆ ಹಾಗೆಯೇ ಉಳಿಯುತ್ತದೆ.

ಜಾವಾದ ಜಾಕ್ಸನ್, ಜಿಸನ್‌ಗಳು ಮತ್ತು ಬ್ರೌಸರಿನ ಜೇಸನ್ ಬರವಣಿಗೆ ಕನ್ನಡವನ್ನು ಕನ್ನಡವಾಗಿಯೇ ಬಿಡುತ್ತವೆ. ಪೈಥಾನ್‌ನ ಸ್ವಂತ ಜೇಸನ್ ಮಾಡ್ಯೂಲು ಹಾಗಲ್ಲ. ಅಲ್ಲಿ ಎನ್ಶೂರ್ ಆಸ್ಕಿ ಎಂಬ ಹೊಂದಿಕೆ ಮೂಲತಃ ಆನ್ ಆಗಿರುತ್ತದೆ, ಅದನ್ನು ಆಫ್ ಮಾಡಬೇಕು. ಪಿಎಚ್‌ಪಿಯಲ್ಲಿ ಅನ್ಎಸ್ಕೇಪ್ಡ್ ಯುನಿಕೋಡ್ ಎಂಬ ಆಯ್ಕೆಯನ್ನು ಕೊಡಬೇಕು, ಅದು 5.4ನೆಯ ಆವೃತ್ತಿಯಿಂದ ಇದೆ. ಡಾಟ್‌ನೆಟ್‌ನಲ್ಲಿ 2019ರಿಂದ ಬಂದಿರುವ ಸಿಸ್ಟಂ ಟೆಕ್ಸ್ಟ್ ಜೇಸನ್ ಕೂಡ ಮೂಲ ಹೊಂದಿಕೆಯಲ್ಲಿ ಕನ್ನಡವನ್ನು ಹಿಂಗೆರೆಗಳಾಗಿ ಒಡೆಯುತ್ತದೆ. ಅಲ್ಲಿ ಎನ್‌ಕೋಡರನ್ನು ಕಟ್ಟುವಾಗ ಕನ್ನಡದ ಯುನಿಕೋಡ್ ವ್ಯಾಪ್ತಿಯನ್ನು ಅದರ ಹೆಸರಿನಿಂದಲೇ ಕೇಳಿ ಸೇರಿಸಿಕೊಳ್ಳಬಹುದು. ನ್ಯೂಟನ್‌ಸಾಫ್ಟ್‌ನ ಹಳೆಯ ಲೈಬ್ರರಿಯಿಂದ ಇದಕ್ಕೆ ಬದಲಾಯಿಸಿಕೊಂಡವರು ಈ ವ್ಯತ್ಯಾಸವನ್ನು ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ಹಳೆಯದು ಹಾಗೆ ಒಡೆಯುತ್ತಿರಲಿಲ್ಲ.

ಇನ್ನೊಂದು ತೊಡಕನ್ನು ಯಾವ ಲೈಬ್ರರಿಯೂ ಬಿಡಿಸಿಕೊಡುವುದಿಲ್ಲ. ಅಡಿಕೆಯ ಬಗೆಗಳಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದಿವೆ. ಗೊರಬಲು ಎಂಬುದರಲ್ಲಿನ ಒ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಮೊದಲನೆಯದರಲ್ಲಿ ಪದಕ್ಕೆ ಆರು ಸಂಕೇತಗಳು, ಎರಡನೆಯದರಲ್ಲಿ ಏಳು. ಕಣ್ಣಿಗೆ ಎರಡೂ ಒಂದೇ. ಹಳೆಯ ಫಾಂಟುಗಳಿಂದ ಯುನಿಕೋಡ್‌ಗೆ ಪರಿವರ್ತಿಸಿದ ಕಡತಗಳಲ್ಲಿ ಎರಡನೆಯ ರೂಪ ನುಸುಳಿರುವುದುಂಟು. ಜೇಸನ್ ಲೈಬ್ರರಿ ತನಗೆ ಕೊಟ್ಟದ್ದನ್ನು ಬದಲಿಸದೆ ದಾಟಿಸುತ್ತದೆ, ಅದು ಅದರ ಧರ್ಮವೂ ಹೌದು. ಆದರೆ ಬಗೆವಾರು ಮೊತ್ತವನ್ನು ತೆಗೆದಾಗ ಗೊರಬಲು ಎರಡು ಸಾಲುಗಳಲ್ಲಿ ಬರುತ್ತದೆ, ಎರಡೂ ಸಾಲುಗಳು ಅಚ್ಚುಹಾಕಿದಂತೆ ಒಂದೇ ರೀತಿ ಕಾಣುತ್ತವೆ. ಇದನ್ನು ತಪ್ಪಿಸಲು ಪಠ್ಯವನ್ನು ಓದುವಾಗಲೇ ಎನ್‌ಎಫ್‌ಸಿ ಎಂಬ, ಒಡೆದ ಚಿಹ್ನೆಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವ ರೂಪಕ್ಕೆ ತರಬೇಕು. ಜಾಕ್ಸನ್‌ನಲ್ಲಿ ಎಲ್ಲ ಪಠ್ಯ ಫೀಲ್ಡುಗಳಿಗೂ ಅನ್ವಯಿಸುವ ಒಂದೇ ಡೀಸೀರಿಯಲೈಸರನ್ನು ಬರೆದು ನೋಂದಾಯಿಸಿದರೆ ಕೆಲಸ ಮುಗಿಯುತ್ತದೆ. ಜಿಸನ್, ಮೋಶಿ, ಜೇಸನ್-ಬಿಗಳಲ್ಲೂ ಅಡಾಪ್ಟರುಗಳ ಮೂಲಕ ಇದನ್ನೇ ಮಾಡಬಹುದು. ಹೀಗೆ ಒಂದೇ ಕಡೆ ಗಂಟು ಹಾಕಿ ಎಲ್ಲೆಡೆ ಅನ್ವಯವಾಗುವ ಅನುಕೂಲ ಲೈಬ್ರರಿಯಲ್ಲಿ ಇದೆಯೇ ಎಂಬುದನ್ನು ಕನ್ನಡಕ್ಕಾಗಿ ಸೇವೆ ಬರೆಯುವವರು ತಪ್ಪದೆ ಪರೀಕ್ಷಿಸಬೇಕು. ಇದರ ಜೊತೆಗೆ ನೆನಪಿಡಬೇಕಾದ ಇನ್ನೊಂದು ಮಾತೆಂದರೆ, ಜೇಸನ್‌ನ ಸಂಖ್ಯೆಗಳಲ್ಲಿ ಕನ್ನಡದ ಅಂಕಿಗಳಿಗೆ ಜಾಗವಿಲ್ಲ; ಪರದೆಯ ಮೇಲೆ ೪೭ ಎಂದು ತೋರಿಸಿದರೂ ಕಳುಹಿಸುವುದು 47 ಆಗಿಯೇ ಇರಬೇಕು.

ಯಾವ ಸಂದರ್ಭಕ್ಕೆ ಯಾವುದು

ಜಾವಾದಲ್ಲಿ ಹೊಸ ಸೇವೆಯನ್ನು ಬರೆಯುವವರಿಗೆ ನನ್ನ ಸಲಹೆ ಜಾಕ್ಸನ್. ಟಾಟು ಸಲೊರಾಂಟಾ ಅವರು ಕಟ್ಟಿ ಬೆಳೆಸಿದ ಈ ಲೈಬ್ರರಿಯಲ್ಲಿ ಒಂದರ ಮೇಲೊಂದು ಕುಳಿತ ಪದರಗಳಿವೆ: ಕೆಳಗೆ ಪದಪದವಾಗಿ ಓದುವ ಸ್ಟ್ರೀಮಿಂಗ್ ಪದರ, ಅದರ ಮೇಲೆ ಬೈಂಡಿಂಗ್ ಪದರ. ದಿನಕ್ಕೊಂದು ಚೀಟಿ ಓದುವವರಿಗೆ ಕೆಳಗಿನ ಪದರ ಬೇಕಾಗುವುದಿಲ್ಲ. ಹಲವು ವರ್ಷಗಳ ದರಪಟ್ಟಿಯ ದೊಡ್ಡ ಕಡತವನ್ನು ಪೂರ್ತಿ ಮೆಮೊರಿಗೆ ತುಂಬದೆ ಒಂದೊಂದೇ ದಾಖಲೆಯಾಗಿ ಓದಬೇಕಾದಾಗ ಅದರ ಬೆಲೆ ತಿಳಿಯುತ್ತದೆ. 2.15ನೆಯ ಆವೃತ್ತಿಯಿಂದ ಒಳಬರುವ ಪಠ್ಯದ ಮೇಲೆ ಮಿತಿಗಳೂ ಬಂದಿವೆ. ಉದಾಹರಣೆಗೆ ಎರಡನೆಯ ಪೀಳಿಗೆಯಲ್ಲಿ ಒಂದರೊಳಗೊಂದು ಹುದುಗಿದ ಆಬ್ಜೆಕ್ಟುಗಳು 1000 ಹಂತ ದಾಟಿದರೆ ಓದುವುದನ್ನು ನಿಲ್ಲಿಸುತ್ತದೆ. ಹೊರಗಿನವರಿಂದ ಜೇಸನ್ ಸ್ವೀಕರಿಸುವ ಸೇವೆಗೆ ಇದು ಒಳ್ಳೆಯ ಕಾವಲು.

ಜಾಕ್ಸನ್‌ನ ಒಂದು ಹಳೆಯ ಗಾಯವನ್ನು ಮರೆಯಬಾರದು. ಜೇಸನ್‌ನೊಳಗೇ ಕ್ಲಾಸಿನ ಹೆಸರನ್ನು ಬರೆದು ಕಳುಹಿಸಿದರೆ ಆ ಕ್ಲಾಸಿನ ಆಬ್ಜೆಕ್ಟನ್ನು ಕಟ್ಟಿಕೊಡುವ ಡಿಫಾಲ್ಟ್ ಟೈಪಿಂಗ್ ಎಂಬ ಸೌಲಭ್ಯದ ಮೂಲಕ, ಹೊರಗಿನವರು ಸರ್ವರಿನಲ್ಲಿ ತಮಗೆ ಬೇಕಾದ ಕೋಡನ್ನು ಓಡಿಸುವ ದಾರಿ 2017ರಲ್ಲಿ ಬಯಲಾಯಿತು. 2019ರ 2.10ನೆಯ ಆವೃತ್ತಿಯಲ್ಲಿ, ಯಾವ ಕ್ಲಾಸುಗಳಿಗೆ ಅನುಮತಿ ಎಂದು ಮೊದಲೇ ಪಟ್ಟಿ ಕೊಡುವ ಪರೀಕ್ಷಕವನ್ನು ಸೇರಿಸಿದರು. ಆ ಸೌಲಭ್ಯವನ್ನು ಬಳಸದಿದ್ದರೆ ಈ ಅಪಾಯವೂ ಇಲ್ಲ; ಸೇವೆಯ ಬಾಗಿಲಿನಲ್ಲಿ ಅದನ್ನು ಬಳಸಬೇಕಾದ ಅಗತ್ಯ ನನಗಂತೂ ಈವರೆಗೆ ಬಂದಿಲ್ಲ. ಲಾಟು ಅಡಿಕೆಯದೋ ಕಾಳುಮೆಣಸಿನದೋ ಎಂದು ತಿಳಿಯಬೇಕಾದರೆ, ಅದಕ್ಕೊಂದು ಬಗೆಯ ಫೀಲ್ಡನ್ನು ಇಟ್ಟು, ಅದರ ಮೌಲ್ಯಗಳನ್ನು ನಾವೇ ಹೆಸರಿಸಿ ಕ್ಲಾಸುಗಳಿಗೆ ಜೋಡಿಸಿದರೆ ಸಾಕು.

ವೈಲ್ಡ್‌ಫ್ಲೈ ಅಥವಾ ಓಪನ್ ಲಿಬರ್ಟಿಯಂತಹ ಜಕಾರ್ತಾ (ಜಾವಾದ ಉದ್ಯಮ ಮಾನದಂಡಗಳ) ಸರ್ವರುಗಳ ಮೇಲೆ ಈಗಾಗಲೇ ಕೆಲಸ ಮಾಡುತ್ತಿರುವವರು ಜೇಸನ್-ಬಿಯನ್ನು ಗಂಭೀರವಾಗಿ ಪರಿಗಣಿಸಬೇಕು. ಜೆಎಸ್‌ಆರ್ 367 ಎಂಬ ಸಂಖ್ಯೆಯಲ್ಲಿ 2017ರಲ್ಲಿ ಮುಗಿದ ಈ ಮಾನದಂಡಕ್ಕೆ ಎಕ್ಲಿಪ್ಸ್‌ನ ಯಾಸನ್ ಮುಖ್ಯ ಅನುಷ್ಠಾನ. ಸರ್ವರಿನೊಂದಿಗೇ ಬರುವುದರಿಂದ ಬೇರೆ ಜಾರ್ ಕಡತಗಳನ್ನು ಹೊತ್ತು ತಿರುಗಬೇಕಾಗಿಲ್ಲ, ಆವೃತ್ತಿಗಳ ತಿಕ್ಕಾಟವೂ ಇಲ್ಲ. ಫೀಲ್ಡುಗಳನ್ನು ಅಕಾರಾದಿಯಾಗಿ ಬರೆಯುವುದು ಅದರ ಮೂಲ ನಡತೆ. ಎರಡು ಜೇಸನ್ ಕಡತಗಳನ್ನು ಪಕ್ಕಪಕ್ಕ ಇಟ್ಟು ತಾಳೆ ಹಾಕುವವರಿಗೆ ಇದು ಬಹಳ ಅನುಕೂಲ. ಆದರೆ ಹೊಂದಿಕೆಗಳ ಸಂಖ್ಯೆ ಜಾಕ್ಸನ್‌ಗಿಂತ ಕಡಿಮೆ, ಸಹಾಯ ಹುಡುಕಿದಾಗ ಸಿಗುವ ಉತ್ತರಗಳೂ ಕಡಿಮೆ. 2020ರ ಜಕಾರ್ತಾ 9ರಲ್ಲಿ ಪ್ಯಾಕೇಜುಗಳ ಹೆಸರು ಬದಲಾದದ್ದರಿಂದ, ಹಳೆಯ ಕೋಡನ್ನು ತರುವವರು ಇಂಪೋರ್ಟ್ ಸಾಲುಗಳನ್ನು ತಿದ್ದಬೇಕಾಗುತ್ತದೆ.

ಜಿಸನ್ ಚಿಕ್ಕದು, ಕಲಿಯಲು ಸುಲಭ. ಹತ್ತು ಹದಿನೈದು ವರ್ಷ ಹಳೆಯ ಎಷ್ಟೋ ಆ್ಯಪುಗಳಲ್ಲಿ ಅದು ಇಂದಿಗೂ ತೊಂದರೆ ಕೊಡದೆ ನಡೆಯುತ್ತಿದೆ, ಅವನ್ನು ಕೆದಕಬೇಕಾದ್ದಿಲ್ಲ. ಆದರೆ ಅದು ಈಗ ನಿರ್ವಹಣೆಯ ಹಂತದಲ್ಲಿದೆ, ಹೊಸ ಸೌಲಭ್ಯಗಳನ್ನು ಹೆಚ್ಚಾಗಿ ಸೇರಿಸುವುದಿಲ್ಲ ಎಂದು ಅದನ್ನು ನೋಡಿಕೊಳ್ಳುವವರೇ ತಿಳಿಸಿದ್ದಾರೆ. ಹೊಸ ಕೆಲಸಕ್ಕೆ ನಾನು ಅದನ್ನು ಆರಿಸುವುದಿಲ್ಲ.

ಜೇಸನ್‌ಗಿಂತ ಹಳೆಯ ವಿನಿಮಯ ರೂಪವಾದ ಎಕ್ಸ್‌ಎಮ್‌ಎಲ್ ಇನ್ನೂ ಬಿಟ್ಟು ಹೋಗದ ಕಡೆಗಳೂ ಇವೆ. ಎಕ್ಸ್‌ಎಮ್‌ಎಲ್‌ನಲ್ಲೇ ನಡೆಯುವ ಹಳೆಯ ಸೋಪ್ ಸೇವೆಗಳೊಂದಿಗೆ ಮಾತನಾಡಬೇಕಾದವರು ಎಕ್ಸ್‌ಎಮ್‌ಎಲ್ ಬೈಂಡಿಂಗಿಗಾಗಿ ಇರುವ ಜಾಕ್ಸ್‌ಬಿಯ ಅನೋಟೇಶನ್‌ಗಳುಳ್ಳ (ಗುರುತು ಟಿಪ್ಪಣಿಗಳುಳ್ಳ) ಕ್ಲಾಸುಗಳನ್ನು ಇಟ್ಟುಕೊಂಡಿರುತ್ತಾರೆ, ಅದೇ ಮಾಹಿತಿಯನ್ನು ಆ್ಯಪಿಗೆ ಜೇಸನ್ ಆಗಿ ಕೊಡಬೇಕಾಗಿರುತ್ತದೆ. ಎಕ್ಲಿಪ್ಸ್‌ಲಿಂಕ್‌ನ ಮಾಕ್ಸಿ ಅವೇ ಅನೋಟೇಶನ್‌ಗಳಿಂದ ಎರಡನ್ನೂ ಬರೆದುಕೊಡುತ್ತದೆ. ಜಾಕ್ಸನ್ ಕೂಡ ಪ್ರತ್ಯೇಕ ಮಾಡ್ಯೂಲಿನಿಂದ ಆ ಅನೋಟೇಶನ್‌ಗಳನ್ನು ಗುರುತಿಸುತ್ತದೆ. ಜಾಕ್ಸ್‌ಬಿ ಜಾವಾ 11ರಿಂದ ಜೆಡಿಕೆ ಎಂಬ ಜಾವಾದ ಮೂಲ ಕಟ್ಟಿನೊಳಗೆ ಇಲ್ಲ, ಹೊರಗಿನಿಂದ ಸೇರಿಸಿಕೊಳ್ಳಬೇಕು. ಇಲ್ಲಿ ದೂರವಿಡಬೇಕಾದದ್ದು, ಕ್ಲಾಸಿನ ಅರಿವೇ ಇಲ್ಲದೆ ಎಕ್ಸ್‌ಎಮ್‌ಎಲ್ ಅನ್ನು ನೇರವಾಗಿ ಜೇಸನ್‌ಗೆ ತಿರುಗಿಸುವ ಉಪಕರಣಗಳನ್ನು. ಮೂರು ಲಾಟು ತಂದ ಬೆಳೆಗಾರರ ಲಾಟುಗಳು ಪಟ್ಟಿಯಾಗಿ ಬರುತ್ತವೆ. ಒಂದೇ ಲಾಟು ತಂದವರದ್ದು ಪಟ್ಟಿಯಾಗದೆ ಒಂಟಿ ಆಬ್ಜೆಕ್ಟಾಗಿ ಬಂದು, ಓದುವ ಆ್ಯಪು ಅಲ್ಲಿ ಎಡವುತ್ತದೆ. ಸಣ್ಣ ಹಿಡುವಳಿದಾರರೇ ಹೆಚ್ಚಿರುವ ನಮ್ಮ ಕಡೆ ಒಂದೇ ಲಾಟಿನ ಚೀಟಿಗಳಿಗೇನೂ ಕೊರತೆಯಿಲ್ಲ. ಅಂತಹ ಜೇಸನ್ ಅನ್ನು ಓದಲೇಬೇಕಾಗಿ ಬಂದರೆ, ಒಂಟಿ ಮೌಲ್ಯವನ್ನೂ ಪಟ್ಟಿಯೆಂದು ಒಪ್ಪಿಕೊಳ್ಳುವ ಹೊಂದಿಕೆ ಜಾಕ್ಸನ್‌ನಲ್ಲಿದೆ.

ಆರಿಸುವ ಮುನ್ನ ನಾನು ಮಾಡುವ ಪರೀಕ್ಷೆ ಅರ್ಧ ದಿನದ್ದು. ಐದು ಚೀಟಿಗಳನ್ನು ಕೈಯಿಂದಲೇ ಬರೆಯುತ್ತೇನೆ: 17 ಅಂಕಿಯ ಗುರುತು ಸಂಖ್ಯೆ ಇರುವುದೊಂದು, ಏಪ್ರಿಲ್ 1ರ ದಿನಾಂಕದ್ದೊಂದು, ಮಳೆಯ ಅಥವಾ ತೂಕದ ಫೀಲ್ಡೇ ಇಲ್ಲದ್ದೊಂದು, ಫೀಲ್ಡಿನ ಹೆಸರು ತಪ್ಪಿರುವುದೊಂದು, ಗೊರಬಲು ಎಂಬುದನ್ನು ಏಳು ಸಂಕೇತಗಳಲ್ಲಿ ಬರೆದದ್ದೊಂದು. ಲೈಬ್ರರಿ ಇವನ್ನು ಓದಿ ಮತ್ತೆ ಬರೆದದ್ದನ್ನು ಮೂಲದ ಪಕ್ಕದಲ್ಲಿಟ್ಟು ನೋಡುತ್ತೇನೆ. ಎಲ್ಲೆಲ್ಲಿ ಬದಲಾಗಿದೆಯೋ ಅಲ್ಲಲ್ಲಿ ಹೊಂದಿಕೆಯನ್ನು ತಿದ್ದಿ, ತಿದ್ದಲಾಗದಿದ್ದರೆ ಲೈಬ್ರರಿಯನ್ನು ಬಿಡುತ್ತೇನೆ. ಆ ಐದು ಕಡತಗಳು ಮುಂದೆ ಕೋಡಿನ ಜೊತೆಗೇ ಉಳಿದು, ಪ್ರತಿ ಬಾರಿ ಬಿಲ್ಡ್ ಆಗುವಾಗಲೂ ಪರೀಕ್ಷೆಗೆ ಒಳಗಾಗುತ್ತವೆ.

ಜಾಕ್ಸನ್‌ನ ಎರಡನೆಯ ಪೀಳಿಗೆಯಿಂದ ಮೂರನೆಯದಕ್ಕೆ ಹೋಗುವವರಿಗೆ ಈ ಕಡತಗಳು ತಕ್ಷಣ ಉಪಯೋಗಕ್ಕೆ ಬರುತ್ತವೆ. ಮೂರನೆಯದಕ್ಕೆ ಕನಿಷ್ಠ ಜಾವಾ 17 ಬೇಕು. ಸ್ಪ್ರಿಂಗ್ ಬೂಟ್ 4 ಅದನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಅನೋಟೇಶನ್‌ಗಳ ಪ್ಯಾಕೇಜು ಹಳೆಯ ಹೆಸರಿನಲ್ಲೇ ಉಳಿದು ಮಿಕ್ಕ ಪ್ಯಾಕೇಜುಗಳ ಹೆಸರು ಬದಲಾಗಿರುವುದರಿಂದ, ಇಂಪೋರ್ಟ್ ಬದಲಿಸದ ಜಾಗಗಳನ್ನು ಕಂಪೈಲರೇ ತೋರಿಸಿಕೊಡುತ್ತದೆ. ಮೂಲ ಹೊಂದಿಕೆಗಳು ಬದಲಾಗಿರುವುದನ್ನು ಕಂಪೈಲರ್ ತೋರಿಸುವುದಿಲ್ಲ. ಫೀಲ್ಡಿನ ಹೆಸರು ತಪ್ಪಿದ ನಾಲ್ಕನೆಯ ಚೀಟಿಯನ್ನು ಸ್ಪ್ರಿಂಗ್ ಬೂಟಿನ ಹೊರಗೆ ಹಳೆಯದು ತಡೆಯುತ್ತಿತ್ತು, ಹೊಸದು ಒಳಗೆ ಬಿಡುತ್ತದೆ.